ಅಮೆರಿಕದ ಉಗಿಬಂಡಿಗಾಗಿ ಇಷ್ಟೊಂದು ಹಂಬಲ ಬೇಕಾ?

ಪರ

1955ರ ಹೊತ್ತಿಗೆ ಅಮೆರಿಕದ ಬಹುತೇಕ ರೈಲ್ವೆ ಕಂಪನಿಗಳು ಡೀಸೆಲ್ ಕಡೆ ವಾಲಿದ್ದವು. ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ಮಾತ್ರ ಉಗಿಯನ್ನೇ ನಂಬಿಕೊಂಡಿತ್ತು. ಆ ವರ್ಷ ನ್ಯೂಯಾರ್ಕಿನ ಓ. ವಿನ್‌ಸ್ಟನ್ ಲಿಂಕ್ ಎಂಬ ಫೋಟೊಗ್ರಾಫರ್ ಅದರ ಬೆನ್ನು ಹತ್ತಿದರು. ಕೈಯಿಂದಲೇ ದುಡ್ಡು ಹಾಕಿ 1960ರವರೆಗೂ ಬಿಡಲಿಲ್ಲ. ತೆಗೆದದ್ದು ಹೆಚ್ಚಾಗಿ ರಾತ್ರಿ ಚಿತ್ರಗಳು. ಹಳಿಯ ಆಚೀಚೆ ಫ್ಲ್ಯಾಶ್ ಬಲ್ಬುಗಳನ್ನು ಕಟ್ಟಿ, ಗಾಡಿ ಬಂದ ಕ್ಷಣಕ್ಕೆ ಎಲ್ಲವನ್ನೂ ಒಟ್ಟಿಗೆ ಹೊತ್ತಿಸುತ್ತಿದ್ದರು. ಒಂದು ವೈರ್ ಕೈಕೊಟ್ಟರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ.

ಆ ಚಿತ್ರಗಳಲ್ಲಿ ಎಂಜಿನ್ ಒಂದೇ ಇರುವುದಿಲ್ಲ. 1956ರ ಒಂದು ಚಿತ್ರ ವೆಸ್ಟ್ ವರ್ಜೀನಿಯಾದ ಯೇಗರ್ ಊರಿನದು. ಬಯಲು ಸಿನಿಮಾ ನಡೆಯುತ್ತಿದೆ. ಕಾರಿನಲ್ಲಿ ಕೂತ ಜೋಡಿ, ಪರದೆಯ ಮೇಲೆ ವಿಮಾನ, ಪಕ್ಕದಲ್ಲೇ ಹೊಗೆ ಉಗುಳುತ್ತ ಹೋಗುವ ಗೂಡ್ಸ್ ಗಾಡಿ. ರೈಲು ಅಂದರೆ ಆಗ ಊರಿನ ದಿನಚರಿಯ ಭಾಗವಾಗಿತ್ತು. ಹಂಬಲ ಇರುವುದು ಅದಕ್ಕೆ, ಬರೀ ಕಬ್ಬಿಣಕ್ಕಲ್ಲ.

ಹಾಗಂತ ಕಬ್ಬಿಣ ಕಡಿಮೆಯದೇನೂ ಅಲ್ಲ! ಉಗಿ ಎಂಜಿನ್ನಿನ ಕೆಲಸವೆಲ್ಲ ಕಣ್ಣೆದುರೇ ನಡೆಯುತ್ತದೆ. ಸಿಲಿಂಡರ್ ತಳ್ಳುತ್ತದೆ, ರಾಡು ತಿರುಗುತ್ತದೆ, ಗಾಲಿ ಉರುಳುತ್ತದೆ. ಗಾಡಿ ಏರು ಹತ್ತುತ್ತಿದೆಯೋ ಇಲ್ಲವೋ ಎಂದು ಸದ್ದು ಕೇಳಿಯೇ ಹೇಳಬಹುದು. ಯೂಟಾದ ವಾಸಾಚ್ ಬೆಟ್ಟ ಹತ್ತುವಾಗ ಇನ್ನೊಂದು ಎಂಜಿನ್ ಜೋಡಿಸುವ ತಾಪತ್ರಯ ತಪ್ಪಲಿ ಎಂದು ಯೂನಿಯನ್ ಪೆಸಿಫಿಕ್ ಕಂಪನಿ 'ಬಿಗ್ ಬಾಯ್' ಮಾಡಿಸಿತು. 1941ರಿಂದ 1944ರ ನಡುವೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಇಂಥ 25 ಎಂಜಿನ್ ತಯಾರಾದವು. ಇಂಧನ, ನೀರು ಹೊರುವ ಹಿಂದಿನ ಬಂಡಿ (ಟೆಂಡರ್) ಸೇರಿ ಉದ್ದ 130 ಅಡಿಗೂ ಜಾಸ್ತಿ, ತೂಕ 500 ಟನ್‌ಗೂ ಜಾಸ್ತಿ. ಅವುಗಳಲ್ಲಿ 4014 ನಂಬರಿನದು ಅರ್ಧ ಶತಮಾನ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರದರ್ಶನಕ್ಕೆ ನಿಂತಿತ್ತು. 2013ರಲ್ಲಿ ಕಂಪನಿಯೇ ವಾಪಸ್ ಪಡೆದು, ಬಿಚ್ಚಿ ಜೋಡಿಸಿ, 2019ರಲ್ಲಿ ಓಡಿಸಿತು. ಸುಮ್ನೆ ಹಳೇ ಸಾಮಾನು ಅನ್ನುವವರು ಇದನ್ನು ಯಾಕೆ ಮಾಡುತ್ತಾರೆ?

(ನಮಗೂ ಇದರಲ್ಲಿ ಒಂದು ಎಳೆ ಇದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ಮೇಲೆ ದಶಕಗಟ್ಟಲೆ ಓಡಿದ, ಮೂತಿ ಗುಂಡಗಿದ್ದ ಡಬ್ಲ್ಯೂಪಿ ಎಂಜಿನ್‌ಗಳಲ್ಲಿ ಮೊದಲ 16 ತಯಾರಾದದ್ದು 1947ರಲ್ಲಿ, ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ.)

ಇನ್ನೊಂದು ಮಾತು. 1951ರಲ್ಲಿ ಸಮಾಜಶಾಸ್ತ್ರಜ್ಞ ಫ್ರೆಡ್ ಕಾಟ್ರೆಲ್ ಅಮೆರಿಕದ ಮರುಭೂಮಿಯ ಒಂದು ಊರಿನ ಬಗ್ಗೆ ಬರೆದರು. ಉಗಿ ಎಂಜಿನ್‌ಗಳ ಚಾಕರಿಗೆಂದೇ ಹುಟ್ಟಿದ ಊರು ಅದು. ಡೀಸೆಲ್ ಗಾಡಿ ಅಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ. ಕೆಲಸ ಹೋಯಿತು. ಕಂಪನಿಯನ್ನು ನಂಬಿ ಅಲ್ಲೇ ಮನೆ ಮಾಡಿಕೊಂಡಿದ್ದವರಿಗೇ ಹೆಚ್ಚು ಪೆಟ್ಟು ಬಿತ್ತು. ಗಂಟುಮೂಟೆ ಕಟ್ಟಿ ಹೊರಡಬಲ್ಲವರು ಬಚಾವಾದರು. ಅಂಥ ಊರಿನವರು ಉಗಿಬಂಡಿಯನ್ನು ನೆನೆದು ನಿಟ್ಟುಸಿರು ಬಿಟ್ಟರೆ ಅದನ್ನು ಭಾವುಕತೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ವಿರೋಧ

ಆ ಊರಿಗೆ ಅನ್ಯಾಯ ಆಯಿತು, ಒಪ್ಪಿದೆ. ಆದರೆ ಅದು ಕಂಪನಿ ತನ್ನ ಜನರನ್ನು ನಡೆಸಿಕೊಂಡ ರೀತಿಯ ಮೇಲಿನ ದೂರು. ಅದಕ್ಕೆ ಪರಿಹಾರ ಕೇಳಬೇಕು, ಹೊಗೆಯನ್ನಲ್ಲ.

ಲಿಂಕ್ ಚಿತ್ರಗಳು ಚೆಂದವೇ. ಆದರೆ ಹಳಿಯ ಪಕ್ಕ ನಿಂತು ನೋಡಿದವರ ನೆನಪು ಬೇರೆ, ಎಂಜಿನ್ ಒಳಗೆ ಬೆವರಿದವರ ನೆನಪು ಬೇರೆ. ದಕ್ಷಿಣದ ರಾಜ್ಯಗಳಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್ ಕೆಲಸಕ್ಕೆ ಕಪ್ಪು ಜನರನ್ನು ದುಡಿಸಿಕೊಂಡರು. ಡ್ರೈವರ್ ಆಗಲು ಮಾತ್ರ ಬಿಡಲಿಲ್ಲ. ಕಲ್ಲಿದ್ದಲನ್ನು ತಾನೇ ಒಲೆಗೆ ತುಂಬುವ ಸ್ಟೋಕರ್ ಯಂತ್ರ, ಆಮೇಲೆ ಡೀಸೆಲ್ ಬಂದು ಕೆಲಸ ಹಗುರಾಗುತ್ತಿದ್ದಂತೆ ಬಿಳಿಯರ ಯೂನಿಯನ್ ಅವರನ್ನು ಹೊರಗೆ ಹಾಕಲು ನೋಡಿತು. ಅಲಬಾಮಾದ ಫೈರ್‌ಮನ್ ಬೆಸ್ಟರ್ ಸ್ಟೀಲ್ ಕೋರ್ಟಿಗೆ ಹೋದರು. ಯೂನಿಯನ್ ಎಲ್ಲ ಕೆಲಸಗಾರರ ಪರವಾಗಿಯೂ ನ್ಯಾಯವಾಗಿ ನಡೆದುಕೊಳ್ಳಬೇಕು ಎಂದು 1944ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸದಸ್ಯತ್ವ ಕೊಡಲೇಬೇಕು ಎಂದೇನೂ ಹೇಳಲಿಲ್ಲ.

ಪ್ರಯಾಣಿಕರ ಪಾಡೂ ಅಷ್ಟೇ. ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ. ಎಷ್ಟೋ ಸಲ ಅದು ಎಂಜಿನ್ನಿಗೆ ಹತ್ತಿರ ಇರುತ್ತಿತ್ತು, ಮಸಿಯೂ ಕಿಡಿಯೂ ಮೊದಲು ಬೀಳುವ ಜಾಗದಲ್ಲಿ. ಆ ಕಾಲ ಮತ್ತೆ ಬರಲಿ ಅನ್ನುವ ನಮ್ಮವರನ್ನು ಕೇಳಬೇಕು: ಬಂದರೆ ನಿಮಗೆ ಯಾವ ಬೋಗಿ?

ಯಂತ್ರದ ಲೆಕ್ಕಕ್ಕೆ ಬರೋಣ. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ ಗಾಡಿ ಎಳೆಯಲು ಒದಗುತ್ತಿತ್ತು. ಡೀಸೆಲ್‌ನಲ್ಲಿ ಅದರ ಮೂರು ನಾಲ್ಕು ಪಟ್ಟು. ಜೊತೆಗೆ ಬೂದಿ ತೆಗೆಯಬೇಕು, ಬಾಯ್ಲರ್ ತೊಳೆಯಬೇಕು, ದಾರಿಯಲ್ಲಿ ಮತ್ತೆ ಮತ್ತೆ ನೀರು ತುಂಬಿಸಬೇಕು. ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ಕಥೆಯನ್ನೇ ನೋಡಿ. ಅದರ ಹೊಟ್ಟೆಪಾಡೇ ಕಲ್ಲಿದ್ದಲು ಸಾಗಣೆ. ಇಂಧನ ಮನೆಬಾಗಿಲಲ್ಲೇ ಇತ್ತು. ರೋನೋಕ್‌ನ ತನ್ನದೇ ಕಾರ್ಖಾನೆಯಲ್ಲಿ ಒಳ್ಳೊಳ್ಳೆಯ ಉಗಿ ಎಂಜಿನ್ ಮಾಡುತ್ತಿತ್ತು. ಇವತ್ತು ಅಭಿಮಾನಿಗಳು ಮುತ್ತಿಕೊಳ್ಳುವ 611 ನಂಬರಿನ ಎಂಜಿನ್ ಅಲ್ಲಿ ತಯಾರಾದದ್ದು 1950ರಲ್ಲಿ. ಹತ್ತೇ ವರ್ಷದಲ್ಲಿ ಅವರೂ ಕೈಬಿಟ್ಟರು. ಇಷ್ಟೆಲ್ಲ ಅನುಕೂಲ ಇದ್ದವರಿಗೇ ಗಿಟ್ಟಲಿಲ್ಲ ಅಂದರೆ ಬೇರೆಯವರ ಮಾತೇನು?

ಹಳೆಯ ಕೈಚಳಕ ಉಳಿಯುತ್ತದೆ ಅನ್ನುವ ವಾದವೂ ಇದೆ. ಅರ್ಧ ನಿಜ. 1995ರಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಬಳಿ ಒಂದು ಪ್ರವಾಸಿ ಉಗಿಬಂಡಿಯ ಬಾಯ್ಲರ್‌ನಲ್ಲಿ ನೀರು ಇಳಿದು, ಬೆಂಕಿಗೂಡಿನ ಮೇಲ್ಭಾಗ ಬಿಟ್ಟುಕೊಂಡು ಮೂವರು ಸಿಬ್ಬಂದಿ ಸುಟ್ಟುಕೊಂಡರು. ತನಿಖೆಯಲ್ಲಿ ಸಿಕ್ಕಿದ್ದು ಸಾಕಷ್ಟಿಲ್ಲದ ತರಬೇತಿ, ಸಾಕಷ್ಟಿಲ್ಲದ ನಿರ್ವಹಣೆ.

2018ರಲ್ಲಿ ಕೊಲೊರಾಡೊದ ಡುರಾಂಗೊ ಹತ್ತಿರ 50,000 ಎಕರೆಗೂ ಜಾಸ್ತಿ ಕಾಡು ಸುಟ್ಟಿತು. ಅಲ್ಲಿನ ಪ್ರವಾಸಿ ಉಗಿಬಂಡಿಯ ಕಿಡಿಯೇ ಕಾರಣ ಎಂದು ಅಮೆರಿಕ ಸರ್ಕಾರ ಕೇಸು ಹಾಕಿತು. 2022ರಲ್ಲಿ 2 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ರೈಲ್ವೆ ತನ್ನ ಎಂಜಿನ್‌ಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಿಸುತ್ತ ಬಂದಿದೆ. ಬಿಗ್ ಬಾಯ್ 4014 ಕೂಡ ಈಗ ಎಣ್ಣೆಯಲ್ಲೇ ಓಡುವುದು. ಅದರ ಹಿಂದೆ ಬ್ರೇಕಿಗೆ ನೆರವಾಗಲು ಸಾಮಾನ್ಯವಾಗಿ ಒಂದು ಡೀಸೆಲ್ ಎಂಜಿನ್ ಇರುತ್ತದೆ. ಅದು ಫೋಟೊದಲ್ಲಿ ಬರುತ್ತದೆ ಎಂದು ಗೊಣಗುವವರಿದ್ದಾರೆ. ನನಗಂತೂ ಇಡೀ ಗಾಡಿಯಲ್ಲಿ ಬುದ್ಧಿವಂತಿಕೆ ಕಾಣುವುದು ಅಲ್ಲೇ.