ನಕಲು ಸರಿ, ದೇವರ ಫೋಟೋ ಎಲ್ಲಿ ಹೋಯ್ತು?

ಪೈಥಾನ್-ಡಾಕ್ಸ್‌ನಲ್ಲಿ (ವರ್ಡ್ ಫೈಲ್ ತಯಾರಿಸುವ ಪೈಥಾನ್ ಲೈಬ್ರರಿ) ಡೀಪ್‌ಕಾಪಿ, ಅಂದರೆ ಪೂರ್ತಿ ನಕಲು, ಮಾಡಿ ಪ್ಯಾರಾಗಳನ್ನು ಹೊಸ ವರ್ಡ್ ಫೈಲಿಗೆ ಸೇರಿಸಿದರೆ ಸಾಕು ಅಂತ ಬರೆದಿದ್ದೀರಿ. ಬರೀ ಅಕ್ಷರ ಇದ್ದರೆ ಸರಿ, ಚಿತ್ರ ಇದ್ದರೆ ಕೈಕೊಡುತ್ತದೆ. ಡಾಕ್ಸ್ (ವರ್ಡ್ ಫೈಲ್) ಅಂದರೆ ಒಳಗೆ ಜಿಪ್ ಫೈಲೇ ಅಲ್ವಾ? ಚಿತ್ರ ಬೇರೆ ಫೋಲ್ಡರಿನಲ್ಲಿರುತ್ತದೆ. ಪ್ಯಾರಾದಲ್ಲಿ ಇರುವುದು ಅದರ ಐಡಿ ಮಾತ್ರ, ನಕಲಾಗುವುದೂ ಅದೇ; ಚಿತ್ರ ಹಳೇ ಫೈಲಿನಲ್ಲೇ ಉಳಿಯುತ್ತದೆ. ಮಂಜೇಶ್ವರದ ನಮ್ಮ ಡಿಟಿಪಿ ಅಂಗಡಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಆಮಂತ್ರಣ ಮಾಡುವಾಗ ದೇವರ ಫೋಟೋ ಜಾಗದಲ್ಲಿ ಖಾಲಿ ಚೌಕ ಬಂತು! ಈಗ ಮೂಲ ಫೈಲನ್ನೇ ತೆರೆದು, ವಿವರ ಬದಲಿಸಿ, ಬೇರೆ ಹೆಸರಲ್ಲಿ ಸೇವ್ ಮಾಡುತ್ತೇನೆ. ಸುಮ್ನೆ ತಲೆಬಿಸಿ ಇಲ್ಲ.

ಫಾಂಟ್ ಬಗ್ಗೆ ನೀವು ಏನೂ ಹೇಳಿಲ್ಲ. ಪೈಥಾನ್-ಡಾಕ್ಸ್‌ನಲ್ಲಿ ಫಾಂಟ್ ನೇಮ್ ಕೊಟ್ಟರೆ ಇಂಗ್ಲಿಷ್ ಅಕ್ಷರಕ್ಕಷ್ಟೇ ತಾಗುತ್ತದೆ. ಕನ್ನಡ, ಮಲಯಾಳಕ್ಕೆ ಫೈಲಿನ ಒಳಗಿನ ಎಕ್ಸ್‌ಎಂಎಲ್‌ನಲ್ಲಿ ಫಾಂಟ್ ಹೆಸರು ಇಡುವ ಆರ್‌ಫಾಂಟ್ಸ್‌ (rFonts) ಒಳಗೆ ಸಿಎಸ್ (cs, ಇಂಥ ಲಿಪಿಗಳ ಫಾಂಟ್‌ನ ಜಾಗ) ಅನ್ನುವುದನ್ನು ನಾವೇ ತುಂಬಬೇಕು.