ಫೈರ್‌ವಾಲ್ ಕೆಟ್ಟಿಲ್ಲ, ಇಟ್ಟ ಜಾಗ ಕೆಟ್ಟಿದೆ

ಏಪ್ರಿಲ್ ಬಂತು ಅಂದ್ರೆ ಹುಬ್ಬಳ್ಳಿಯ ಅಂಗಡಿ, ಆಫೀಸುಗಳಿಂದ ನನಗೆ ಒಂದೇ ತರದ ಫೋನ್. "ಸರ, ಮಧ್ಯಾಹ್ನ ಆದ್ರ ನೆಟ್ ಹೋಗ್ತೈತ್ರಿ, ಸಂಜಿ ಮುಂದ ತಾನ ಬರತೈತ್ರಿ. ಹೊಸಾ ಫೈರ್‌ವಾಲ್ ತಗೋಬೇಕೇನ್ರಿ?"

ಬೇಡ. ಫೈರ್‌ವಾಲ್ ಅಂದ್ರೆ ನೆಟ್ ಲೈನ್‌ಗೂ ನಿಮ್ಮ ಕಂಪ್ಯೂಟರ್‌ಗಳಿಗೂ ನಡುವೆ ಕೂತು ಕಾವಲು ಕಾಯೋ ಡಬ್ಬಿ. ಮೊದಲು ಅದನ್ನ ಎಲ್ಲಿ ಇಟ್ಟಿದ್ದೀರಿ ಹೇಳಿ.

ಹೆಚ್ಚಿನ ಕಡೆ ಉತ್ತರ ಒಂದೇ. ಕ್ಯಾಶ್ ಕೌಂಟರ್ ಕೆಳಗೆ ಸನ್‌ಮೈಕಾ ಹಚ್ಚಿದ ಚಂದದ ಕಪಾಟು. ಬಾಗಿಲು ಹಾಕಿದೆ, ಕೀಲಿ ಬೇರೆ. ಒಳಗೆ ಯುಪಿಎಸ್, ಅದರ ಮೇಲೆ ಸಿಸಿಟಿವಿ ರೆಕಾರ್ಡ್ ಮಾಡೋ ಡಿವಿಆರ್, ಅದರ ಮೇಲೆ ನಮ್ಮ ಫ್ಯಾನ್ ಇಲ್ಲದ ಪುಟ್ಟ ಫೈರ್‌ವಾಲ್. ಇಂಥ ಎಷ್ಟೋ ಡಬ್ಬಿಗಳ ಮೇಲೆ 0ರಿಂದ 40 ಡಿಗ್ರಿ ಅಂತ ಬರೆದಿರುತ್ತದೆ. ಅದು ಊರಿನ ಬಿಸಿಲಿನ ಲೆಕ್ಕ ಅಲ್ಲ, ಡಬ್ಬಿಯ ಸುತ್ತ ಇರುವ ಗಾಳಿಯ ಲೆಕ್ಕ. ಹೊರಗೆ 38 ಇದ್ದಾಗ ಆ ಕಪಾಟಿನೊಳಗೆ ಎಷ್ಟಿರಬಹುದು, ನೀವೇ ಹೇಳಿ.

ಇನ್ನೊಂದು ಭಯ, "ಕೈ ಇಟ್ರ ಸುಡತೈತ್ರಿ" ಅನ್ನೋದು. ಸುಡಲಿ ಬಿಡಿ! ಫ್ಯಾನ್ ಇಲ್ಲದ ಮಾಡೆಲ್‌ನಲ್ಲಿ ಅಲ್ಯೂಮಿನಿಯಂ ಮೈಯೇ ಹೀಟ್‌ಸಿಂಕ್, ಅಂದ್ರೆ ಶಾಖ ಎಳೆದು ಗಾಳಿಗೆ ಬಿಡೋ ಭಾಗ. ಮೈ ಬಿಸಿ ಇದೆ ಅಂದ್ರೆ ಚಿಪ್‌ನ ಶಾಖ ಹೊರಗೆ ಬರ್ತಾ ಇದೆ ಅಂತ. ನನಗೆ ಹೆದರಿಕೆ ಆಗೋದು ಇದಕ್ಕೆ ಉಲ್ಟಾ ಇದ್ದಾಗ. ಮೈ ತಣ್ಣಗಿದೆ, ಫೈರ್‌ವಾಲ್‌ನ ಡ್ಯಾಶ್‌ಬೋರ್ಡ್‌ ಪುಟದಲ್ಲಿ ಮಾತ್ರ ಚಿಪ್ 90 ಡಿಗ್ರಿ ತೋರಿಸ್ತಿದೆ. ಆಗ ಚಿಪ್‌ನ ಶಾಖ ಮೈಗೆ ದಾಟಿಸೋ ಒಳಗಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಇಲ್ಲವೇ ಚಿಪ್ ಮೈಗೆ ಸರಿಯಾಗಿ ತಾಗಿರೋದಿಲ್ಲ. ಬಿಚ್ಚಿ, ಹಳೇ ಪೇಸ್ಟ್ ಒರೆಸಿ, ಹೊಸದು ಹಚ್ಚಿದರೆ ಕೆಲಸ ಮುಗೀತು.

ಈಗ ಜಾಸ್ತಿ ಬರೋ ಇಂಟೆಲ್ ಎನ್100 ಚಿಪ್‌ನ ಮಿತಿ 105 ಡಿಗ್ರಿ. ಅಲ್ಲಿಗೆ ಹೋಗೋ ಹೊತ್ತಿಗೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ನೆಟ್ ನಿಧಾನ ಆಗುತ್ತದೆ, ಬೈಗುಳ ಕೇಬಲ್‌ನವನಿಗೆ. ಆದ್ರೆ ಬೋರ್ಡಿನ ಮೇಲೆ ಪಕ್ಕದಲ್ಲೇ ಇರೋ, ಕರೆಂಟ್ ಹಿಡಿದಿಟ್ಟು ಸಮ ಮಾಡೋ ಕೆಪಾಸಿಟರ್‌ಗಳಿಗೆ ಆ ಜಾಣತನ ಇಲ್ಲ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧ ಅಂತ ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ.

ಹಾಗಂತ ಒಳಗೆ ಫ್ಯಾನ್ ಇರೋ ಮಾಡೆಲ್ ತಗೊಳ್ಳಿ ಅಂತ ನಾನು ಹೇಳಲ್ಲ. ನಮ್ಮ ಊರಿನ ಧೂಳು ಗೊತ್ತಲ್ಲ! ಒಳಗಿನ ಫ್ಯಾನ್ ಆ ಧೂಳನ್ನೆಲ್ಲ ಬೋರ್ಡಿನ ಮೇಲೆ ಎಳೆದು ಹಾಕುತ್ತದೆ. ಹೊರಗಿನಿಂದ ಒಂದು ಯುಎಸ್‌ಬಿ ಫ್ಯಾನ್ ನಿಧಾನಕ್ಕೆ ಬೀಸಿದರೂ ಸಾಕು. ಯುಪಿಎಸ್ ಮೇಲಿಂದ ಇಳಿಸಿ, ಮೈಮೇಲಿನ ಫಿನ್‌ಗಳು, ಅಂದ್ರೆ ಆ ಏಣುಗಳು, ಮೇಲಿಂದ ಕೆಳಗೆ ನೆಟ್ಟಗೆ ಬರೋ ಹಾಗೆ ಗೋಡೆಗೆ ಹಾಕಿದರೆ ಇನ್ನೂ ಒಳ್ಳೆಯದು. 100 ಎಂಬಿಪಿಎಸ್ ಲೈನ್ ಇದ್ದವರು ಬಯೋಸ್‌ನಲ್ಲಿ (ಡಬ್ಬಿ ಚಾಲೂ ಆಗೋವಾಗ ತೆರೆಯೋ ಸೆಟ್ಟಿಂಗ್) ಚಿಪ್‌ನ ವೇಗ ಏರಿಸೋ ಟರ್ಬೊ ಬಂದ್ ಮಾಡಿ ನೋಡಿ, ಬಹುತೇಕ ಏನೂ ವ್ಯತ್ಯಾಸ ಗೊತ್ತಾಗಲ್ಲ.

"ನಮ್ಮಲ್ಲಿ ಎಸಿ ಐತ್ರಿ" ಅನ್ನೋರಿಗೆ ಒಂದು ಮಾತು. ರಾತ್ರಿ, ಭಾನುವಾರ ಎಸಿ ಬಂದ್, ಶಟರ್ ಬಂದ್. ಫೈರ್‌ವಾಲ್ ಮಾತ್ರ ಚಾಲೂ. ಒಪಿಎನ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್ ಹಾಕಿಕೊಂಡವರು ಸೋಮವಾರ ಬೆಳಿಗ್ಗೆ ಅದರ ಹೆಲ್ತ್ ಗ್ರಾಫ್‌ನಲ್ಲಿ ಹಿಂದಿನ ದಿನದ ಟೆಂಪರೇಚರ್ ನೋಡಿ. ಆಮೇಲೆ ಬಡಿಗೇರನ್ನ ಕರೆಸಿ, ಕಪಾಟಿನ ಬಾಗಿಲಿಗೆ ಕೆಳಗೊಂದು, ಮೇಲೊಂದು ಜಾಳಿಗೆ ಕೊರೆಸಿ. ಹೊಸ ಡಬ್ಬಿಯ ಮಾತು ಆಮೇಲೆ.