ಒರೆಸಲ್ವಾ?

ನಾನಿದನ್ನು ಬರೆಯಲು ಕೂತ ಹೊತ್ತಿಗೆ ನಮ್ಮ ನಡುಮನೆಯಲ್ಲಿ 18 ಅಡಿ ಉದ್ದದ ಕೋಲೊಂದು ಮಲಗಿದೆ. ತಲೆ ದೇವರ ಮನೆಯ ಹೊಸ್ತಿಲಲ್ಲಿ, ಬುಡ ಜಗಲಿಯಲ್ಲಿ, ನಡುವಿಗೆ ಆಸರೆಯಾಗಿ ಎರಡು ಪ್ಲಾಸ್ಟಿಕ್ ಕುರ್ಚಿ. ಮುಚ್ಚಿದರೆ ಆರಡಿಯಾಗಿ ಮೂಲೆ ಸೇರಬೇಕಾದ ಮಾಲು ಇದು. ನಿನ್ನೆ ಮಧ್ಯಾಹ್ನದಿಂದ ಮುಚ್ಚಲೂ ಒಲ್ಲದು, ಬಿಚ್ಚಲೂ ಒಲ್ಲದು. ಬೆಳಿಗ್ಗೆ ಎದ್ದ ಹೆಂಡತಿ ಒಂದು ನಿಮಿಷ ಇದನ್ನೇ ನೋಡಿದಳು, ಏನೂ ಅನ್ನಲಿಲ್ಲ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಎರಡು ಟವೆಲು, ಮಗನ ಯೂನಿಫಾರಂ, ನನ್ನದೇ ಒಂದು ಬನಿಯನ್ನು ಅದರ ಮೇಲೆ ಒಣಗಲು ಬಿದ್ದಿದ್ದವು. ಹಳೇ ಸ್ಕೂಟರಿನ ಬೆಲೆ ಕೊಟ್ಟು ತಂದ ಕಾರ್ಬನ್ ಫೈಬರ್ ಮೇಲೆ, ಬನಿಯನ್ನು!

ನಾನೂ ನನ್ನ ಭಾಮೈದನೂ ಕೋಲಾರದಲ್ಲಿ ಕಿಟಕಿ ತೊಳೆಯುವವರು. ನಗಬೇಡಿ. ಈಗ ಊರಲ್ಲಿ ಯಾರು ಮನೆ ಕಟ್ಟಿಸಿದರೂ ಮುಂಭಾಗಕ್ಕೆ ಮೂರಂತಸ್ತು ಗಾಜು ಬೇಕು. ಹೆದ್ದಾರಿಯ ಧೂಳು, ಕ್ರಷರ್ ಧೂಳು, ಸುಗ್ಗಿಯಲ್ಲಿ ಟೊಮೆಟೊ ಲಾರಿಗಳು ಎಬ್ಬಿಸುವ ಧೂಳು ಎಲ್ಲಾ ಬಂದು ಅದರ ಮೇಲೆ ಕೂರುತ್ತೆ. ಗೃಹಪ್ರವೇಶದ ದಿನ ಆಕಾಶದ ಬಣ್ಣವಿದ್ದ ಗಾಜು ದೀಪಾವಳಿಗೆ ರಾಗಿ ಹಿಟ್ಟಿನ ಬಣ್ಣಕ್ಕೆ ಬಂದಿರುತ್ತೆ. ಮೊದಲು ಸರ್ವೆ ಕಂಬದ ಏಣಿ ಕಟ್ಟಿ ಹತ್ತುತ್ತಿದ್ದೆವು. ಒಂದು ಸಲ ಏಣಿಯ ಹಗ್ಗ ಜಾರಿ ಭಾಮೈದ ಎರಡನೇ ಮಹಡಿ ಸಜ್ಜಾದ ಮೇಲೆ ಮುಕ್ಕಾಲು ಗಂಟೆ ಕೂತಿದ್ದ. ಇಳಿದ ಮೇಲೆ, ಇನ್ನು ನೆಲ ಬಿಟ್ಟು ಕೆಲಸ ಮಾಡಲ್ಲ ಎಂದು ಅಂತರಗಂಗೆ ಬೆಟ್ಟದ ಕಡೆ ತಿರುಗಿ ಕೈ ಮುಗಿದ. ಇಂಗ್ಲೆಂಡಿನವರಿಗೂ ಅದೇ ಬುದ್ಧಿ ಬಂದಿತ್ತಂತೆ. 2005ರಲ್ಲಿ ಅಲ್ಲಿ ಎತ್ತರದ ಕೆಲಸಕ್ಕೆ ಬಿಗಿ ನಿಯಮ ಬಂತು, ಏಣಿ ಹತ್ತೋದನ್ನ ಆದಷ್ಟು ತಪ್ಪಿಸಿ ಅಂತ. ಅಲ್ಲಿಂದ ಕಿಟಕಿಯವರು ಇನ್ನಷ್ಟು ಜನ ಈ ಕೋಲಿಗೆ ಹೊರಳಿದರು: ಒಂದರೊಳಗೊಂದು ಕೂರುವ ಕೊಳವೆಗಳು, ಒಳಗೆ ಬೆರಳು ಗಾತ್ರದ ನೀರಿನ ಪೈಪು, ತುದಿಯಲ್ಲಿ ನೀರು ಚಿಮ್ಮುವ ಬ್ರಷ್ಷು. ನೆಲದ ಮೇಲೆ ನಿಂತೇ ಮೂರನೇ ಮಹಡಿ ತೊಳೀಬಹುದು.

ಕೋಲು ಆರಿಸುವುದು ಹೆಣ್ಣು ನೋಡಿದ ಹಾಗೇ, ಅಂಗಡಿಯಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಬೆಂಗಳೂರಿನ ಅಂಗಡಿಯವನು ಮುಚ್ಚಿದ ಕೋಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಮುಚ್ಚಿದ್ದನ್ನು ನಮ್ಮಮ್ಮನೂ ಎತ್ತುತ್ತಾಳೆ. ಪೂರ್ತಿ ಬಿಚ್ಚಿ, ಒದ್ದೆ ಬ್ರಷ್ಷು ಸಿಗಿಸಿ, ಎತ್ತಿ ಹಿಡಿದಾಗ ತಾನೇ ಅದರ ಬಣ್ಣ ಗೊತ್ತಾಗೋದು! ಅಲ್ಯೂಮಿನಿಯಂ ಅಗ್ಗ, ಆದರೆ ಭಾರ. ಗ್ಲಾಸ್ ಫೈಬರ್ ಅದಕ್ಕಿಂತ ವಾಸಿ, ಆದರೆ ಬಾಗುತ್ತೆ. ನಮ್ಮ ಮೊದಲ ಕೋಲು ಅದೇ. 25 ಅಡಿ ದಾಟಿದ ಮೇಲೆ ನಾನು ಒಂದು ಮನೆ ಕಿಟಕಿಗೆ ಗುರಿಯಿಟ್ಟರೆ ಬ್ರಷ್ಷು ಪಕ್ಕದ ಮನೆಯದ್ದನ್ನು ತೊಳೆಯುತ್ತಿತ್ತು. ಕಾರ್ಬನ್ ಫೈಬರ್ ಹಗುರ, ಬಿಗಿ, ದುಬಾರಿ, ಸಾಲದ್ದಕ್ಕೆ ಕರೆಂಟನ್ನೂ ಹರಿಸುತ್ತೆ. ಬಾಲ್ಕನಿಯಿಂದ ಕೈ ಚಾಚಿದರೆ ಲೈನಿನ ತಂತಿ ಸಿಗುವ ನಮ್ಮಂಥ ಊರಲ್ಲಿ ಇದು ಸಣ್ಣ ಮಾತಲ್ಲ. ಭಾಮೈದನದು ಇದಕ್ಕೂ ಒಂದು ವಾದ ಇದೆ: ನಮ್ಮ ನೀರು ಸೊನ್ನೆ ನೀರು, ಸೊನ್ನೆ ನೀರಲ್ಲಿ ಕರೆಂಟು ಹೋಗಲ್ಲ. ನೀರಿನ ಮಟ್ಟಿಗೆ ಅವನು ಹೇಳೋದು ಬಹುಪಾಲು ನಿಜ. ಆದರೆ ಕೋಲಿನ ಮೇಲಿನ ಕೆಸರಿಗೂ ಅವನ ಕೈಯ ಬೆವರಿಗೂ ಆ ವಿಷಯ ಗೊತ್ತಿಲ್ಲವಲ್ಲ. ತಂತಿ ಕಂಡ ಕಡೆ, ಕೋಲು ಯಾವ ಜಾತಿಯದಾದರೂ ಸರಿ, ನಾವು ಬಿಚ್ಚಲ್ಲ.

ಸೊನ್ನೆ ನೀರು ಅಂದೆನಲ್ಲ, ಈ ಧಂಧೆಯ ಗುಟ್ಟು ಅದೇ. ನೀರು ಗಾಜಿನ ಮೇಲೆ ಕಲೆ ಮಾಡಲ್ಲ, ನೀರಲ್ಲಿ ಕರಗಿರುವ ಉಪ್ಪು ಮಾಡುತ್ತೆ. ನೀರು ಆರಿಹೋಗುತ್ತೆ, ಉಪ್ಪು ಉಳಿಯುತ್ತೆ. ಆ ಉಪ್ಪನ್ನೆಲ್ಲ ಮೊದಲೇ ತೆಗೆದುಬಿಟ್ಟರೆ ತೊಳೆದು ಹಾಗೇ ಬಿಡಬಹುದು, ಒರೆಸೋ ಹಾಗೇ ಇಲ್ಲ. ಕುಡಿಯುವ ನೀರಿನ ಟಿಡಿಎಸ್, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅನ್ನೋ ಲೆಕ್ಕ, 500ರೊಳಗಿರಲಿ, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೂ ಸಹಿಸಿಕೊಳ್ಳಿ ಅನ್ನುತ್ತೆ ನಮ್ಮ ದೇಶದ ಮಾನಕ. ಬೇರೆ ಗತಿಯಿಲ್ಲ ಅಂತ ಬರೆದವರು ಕೋಲಾರಕ್ಕೆ ಬಂದು ಹೋಗಿರಬೇಕು. ನಮ್ಮ ಮನೆ ಬೋರ್‌ವೆಲ್ ನೀರಿಗೆ ಮೀಟರ್ ಅದ್ದಿದರೆ 1,100 ತೋರಿಸುತ್ತೆ. ಅದನ್ನು ಆರ್‌ಓ ಫಿಲ್ಟರಿಗೆ ಕೊಟ್ಟು 40ಕ್ಕೆ ಇಳಿಸಿ, ಆಮೇಲೆ ಉಳಿದ ಉಪ್ಪು ಹೀರುವ ರೆಸಿನ್ ಡಬ್ಬಿಯಲ್ಲಿ ಹಾಯಿಸಿದರೆ ಮೂರು ಸೊನ್ನೆ. ಆರ್‌ಓ ಬೇಡವೆಂದು ಉಗುಳುವ ನೀರು ಕಕ್ಕಸಿಗೆ. ಒಂದು ವಾರ ಅದನ್ನೇ ಅಮ್ಮನ ಕನಕಾಂಬರಕ್ಕೆ ಬಿಟ್ಟೆ, ಗಿಡ ಎಲೆ ಸುಟ್ಟುಕೊಂಡು ನಿಂತಿತು. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಇಷ್ಟೆಲ್ಲ ಮಾಡಿ ತಂದ ನೀರಿನೊಂದಿಗೆ ನಿನ್ನೆ ನಾವು ಹೋದದ್ದು ಮೇಷ್ಟ್ರ ಮನೆಗೆ.

ಮೇಷ್ಟ್ರು ರಿಟೈರಾಗಿ ಎಷ್ಟೋ ವರ್ಷವಾಯಿತು. ಒಳ್ಳೆಯವರು. ಕಾಫಿ ಕೇಳದೇ ಕೊಡ್ತಾರೆ. ನಾನು ಮೊದಲ ಕಿಟಕಿ ತೊಳೆದು ಬ್ರಷ್ಷು ಪಕ್ಕಕ್ಕೆ ಸರಿಸಿದೆ ನೋಡಿ, ಹಿಂದಿನಿಂದ ದನಿ ಬಂತು.

“ಒರೆಸಲ್ವಾ?”

ಇಲ್ಲ ಸಾರ್, ತಾನೇ ಆರುತ್ತೆ, ಕಲೆ ಬರಲ್ಲ ಅಂದೆ. “ಓಹೋ” ಅಂದರು. ಎರಡನೇ ಕಿಟಕಿ ಮುಗಿಸಿದೆ. “ಇದನ್ನಾದ್ರೂ ಒರೆಸಲ್ವಾ?” ಉಪ್ಪಿನ ಕಥೆ ಪೂರ್ತಿ ಹೇಳಿದೆ. ತಲೆಯಾಡಿಸಿ ಕೇಳಿದರು. ನಂಬಿಕೆ ಬರಲಿ ಅಂತ ಎರಡು ಸ್ಟೀಲ್ ತಟ್ಟೆ ತರಿಸಿ, ಒಂದರಲ್ಲಿ ಅವರ ನಲ್ಲಿ ನೀರಿನ ನಾಲ್ಕು ಹನಿ, ಇನ್ನೊಂದರಲ್ಲಿ ನಮ್ಮ ನೀರಿನ ನಾಲ್ಕು ಹನಿ ಹಾಕಿ ಬಿಸಿಲಿಗಿಟ್ಟೆ. ಕಾಲು ಗಂಟೆಗೆ ಅವರ ತಟ್ಟೆಯಲ್ಲಿ ನಾಲ್ಕು ಬಿಳಿ ಉಂಗುರ, ನಮ್ಮ ತಟ್ಟೆ ಕನ್ನಡಿ. ಮೇಷ್ಟ್ರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. ಬೆರಳಲ್ಲಿ ಸವರಿದರು. “ವಿಜ್ಞಾನ!” ಅಂದರು. ನನಗೆ ಎದೆಯುಬ್ಬಿತು. ಆಮೇಲೆ ಕೇಳಿದರು: “ಎಲ್ಲಾ ಮುಗಿದ ಮೇಲೆ ಒಟ್ಟಿಗೇ ಒರೆಸ್ತೀರಾ?”

ಕನ್ನಡದಲ್ಲಿ ನನಗೆ ತಿಳಿಯುತ್ತಿಲ್ಲವೇನೋ ಎಂದು ಅವರಿಗೆ ಅನುಮಾನ ಬಂದಿರಬೇಕು. ಮುಂದಿನ ಕಿಟಕಿಗೆ ತೆಲುಗಲ್ಲಿ ಕೇಳಿದರು: “ತುಡವರಾ?” ಕೋಲಾರದಲ್ಲಿ ಒಂದೇ ಪ್ರಶ್ನೆಯಿಂದ ಎರಡು ಭಾಷೆಯಲ್ಲಿ ತಪ್ಪಿಸಿಕೊಳ್ಳಬೇಕು.

ಹನ್ನೊಂದರ ಹೊತ್ತಿಗೆ ಹಿಂದಿನಿಂದ ಚರ್ ಚರ್ ಎಂದು ಸದ್ದು. ತಿರುಗಿದರೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ನಿನ್ನೆಯ ಪೇಪರ್ ಉಂಡೆ ಮಾಡಿಕೊಂಡು, ನಾನು ತೊಳೆದಿಟ್ಟ ಕೆಳಗಿನ ಅಂತಸ್ತಿನ ಕಿಟಕಿಗಳನ್ನು ಒಂದೊಂದೇ ಒರೆಸುತ್ತಾ ಬರುತ್ತಿದ್ದಾರೆ. ಉಜ್ಜುವ ರಭಸಕ್ಕೆ ಪೇಪರು ಗಾಜಿನ ಮೇಲೆ ಬೂದು ಗೀರು ಬಿಡುತ್ತಿದೆ, ಪುಟದ ಮೂಲೆಯ ಒಂದು ಜಾಹೀರಾತು ಪುಡಿಪುಡಿಯಾಗಿ ಫ್ರೇಮಿಗೆ ಮೆತ್ತಿಕೊಂಡಿದೆ. ಕೊನೇ ಕಿಟಕಿ ಮುಗಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು, ಮೇಲೆ ಕೆಳಗೆ ನೋಡಿ, ಬೇಸರದಿಂದ ಹೇಳಿದರು: “ಮೇಲ್ಗಡೆ ಚೆನ್ನಾಗಿ ತೊಳ್ದಿದೀರಪ್ಪಾ. ಕೆಳಗಡೇದು ಯಾಕೋ ಸರಿಯಾಗಿಲ್ಲ.”

ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಕಾಫಿಯ ಋಣ ಅಲ್ಲಿಗೇ ಹರಿಯುತ್ತಿತ್ತು. ನೀರಿನ ಪೈಪು ನೋಡುವ ನೆಪದಲ್ಲಿ ಟಾಟಾ ಏಸ್ ಕಡೆ ಹೋದೆ. ಮಾಡಿದ ತಪ್ಪು ಅದೊಂದೇ. ಭಾಮೈದ ಏಳನೇ ಕ್ಲಾಸಿನಲ್ಲಿ ಇದೇ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು, ಅವರು ಏನು ಹೇಳಿದರೂ ಇವತ್ತಿಗೂ “ಹ್ಞೂಂ ಸಾರ್” ಅನ್ನುವವನು. ಅವರು ಒಳಗಿನಿಂದ ದಪ್ಪನೆಯ ಟರ್ಕಿ ಟವೆಲು ತಂದು ಬ್ರಷ್ಷಿಗೆ ಸುತ್ತಿ ಸಣಬಿನ ಹಗ್ಗದಲ್ಲಿ ಬಿಗಿದು, “ಎತ್ತು” ಅಂದಿದ್ದಾರೆ.

ಈ ಕೋಲನ್ನು ಬಿಚ್ಚಲು ಒಂದು ಕ್ರಮವಿದೆ. ತೀರಾ ಸಣ್ಣ ಕೊಳವೆಯನ್ನು ಮೊದಲು ಎಳೆದು ಕ್ಲಾಂಪ್ ಒತ್ತಬೇಕು, ಆಮೇಲೆ ಅದಕ್ಕಿಂತ ದಪ್ಪನೆಯದು. ಆಗ ಪ್ರತಿ ಕ್ಲಾಂಪೂ ಕೈಗೆ ಸಿಗುತ್ತೆ. ಮೇಷ್ಟ್ರು ತಳದಿಂದ ಶುರು ಮಾಡಿಸಿದರು. ಪಾಠ ಯಾವತ್ತೂ ಬುನಾದಿಯಿಂದ ಅಲ್ಲವೇ! ದಪ್ಪ ಕೊಳವೆ ಮೇಲಕ್ಕೆದ್ದಿತು, ಉಳಿದ ಕ್ಲಾಂಪುಗಳೆಲ್ಲ ಅದರ ತಲೆ ಮೇಲೆ ಕೂತು ಕೈಗೆ ಸಿಗದ ಎತ್ತರಕ್ಕೆ ಹೋದವು. ಸರಿ, ಕೋಲನ್ನು ರಸ್ತೆಗೆ ಅಡ್ಡ ಮಲಗಿಸಿ ಎಳೆದಿದ್ದಾರೆ. ಮಣ್ಣಲ್ಲಿ. ಒಂದೊಂದೇ ತುಂಡು, ಹೊರಳಾಡಿಸಿ. ನಾನು ಪೈಪು ಸುತ್ತಿ ಬರುವಷ್ಟರಲ್ಲಿ 30 ಅಡಿ ಕೋಲು ಆಕಾಶದಲ್ಲಿ ನಿಂತಿದೆ, ನೀರು ಕುಡಿದ ಟವೆಲಿನ ಭಾರಕ್ಕೆ ತುದಿ ಗಾಳಕ್ಕೆ ಮೀನು ಬಿದ್ದ ಹಾಗೆ ಬಾಗಿದೆ, ಭಾಮೈದ ಕಣ್ಣು ಮುಚ್ಚಿ ಬುಡ ತಬ್ಬಿಕೊಂಡಿದ್ದಾನೆ, ಮೇಷ್ಟ್ರು “ಎಡಕ್ಕೆ, ಎಡಕ್ಕೆ, ನಿನ್ನೆಡ ಅಲ್ಲ, ನನ್ನೆಡ” ಎನ್ನುತ್ತಿದ್ದಾರೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕ್ ನಿಲ್ಲಿಸಿ, ಯಾವ ಪಾರ್ಟಿ ಬಾವುಟ ಅಂತ ಕೇಳಿದರು. ಅಷ್ಟರಲ್ಲಿ ಹಗ್ಗ ಸಡಿಲವಾಗಿ ಟವೆಲು ಕಳಚಿ ಮೂರನೇ ಮಹಡಿಯ ಸಜ್ಜಾದ ಮೂಲೆಗೆ ತಗುಲಿಕೊಂಡಿತು. ಈಗಲೂ ಅಲ್ಲೇ ಇದೆ. ಅದರಿಂದ ತೊಟ್ಟಿಕ್ಕಿದ ಕೊಳೆ ನೀರು ಕೆಳಗಿನ ಮೂರು ಗಾಜಿನ ಮೇಲೂ ಉದ್ದಕ್ಕೆ ನಾಮ ಎಳೆಯಿತು.

“ನಾನು ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೆ, ಒರೆಸಿ ಅಂತ” ಅಂದರು ಮೇಷ್ಟ್ರು.

ಕೋಲು ಮುಚ್ಚಲು ಹೋದರೆ ಎರಡೇ ತುಂಡು ಒಳಗೆ ಹೋಗಿ, ಮೂರನೆಯದು ಗರ್ ಅಂತ ಅಲ್ಲೇ ಕಚ್ಚಿಕೊಂಡಿತು. ಜೋರು ಮಾಡಿ ತಿರುಚಿದರೆ ಕೊಳವೆ ಸೀಳುತ್ತೆ. ಹಾಗೇ ಗಾಡಿಗೆ ಕಟ್ಟಿ ಹೊರಟೆವು, ಹಿಂದೆ ಹತ್ತಡಿ ಚಾಚಿಕೊಂಡು, ತುದಿಗೆ ಕೆಂಪು ಬಟ್ಟೆಯ ಬದಲು ಭಾಮೈದನ ಕರ್ಚೀಫು. ಕ್ಲಾಕ್ ಟವರ್ ಹತ್ತಿರ ಹಣ್ಣಿನ ಗಾಡಿಯವನು, “ಶ್ರೀನಿವಾಸಪುರಕ್ಕಾ ಅಣ್ಣಾ? ದೋಟಿ ಚೆನ್ನಾಗದೆ” ಅಂದ. ಇಡೀ ಜಿಲ್ಲೆಗೆ ಇದು ಮಾವಿನಕಾಯಿ ಕೀಳೋ ದೋಟಿಯೇ. ಎರಡು ವರ್ಷದಿಂದ ತಿದ್ದಿ ತಿದ್ದಿ ಸಾಕಾಗಿದೆ. ಹೂಂ, ಮಾವಿನಕಾಯಿಗೇ ಅಂದೆ.

ಮನೆಗೆ ಬಂದ ಮೇಲೆ ಭಾಮೈದ ಇನ್ನೊಂದು ಸತ್ಯ ಬಾಯಿಬಿಟ್ಟ. ಹೋದ ವಾರ ಕೊಳವೆಗಳು ಸ್ವಲ್ಪ ಬಿಗಿಯಾಗಿದ್ದವಂತೆ, ಜಾರಲಿ ಎಂದು ಕೊಬ್ಬರಿ ಎಣ್ಣೆ ಸವರಿದ್ದಾನೆ. ಎಣ್ಣೆ, ಅದರ ಮೇಲೆ ಕೋಲಾರದ ಧೂಳು. ಕಾರ್ಬನ್ನನ್ನು ತೇಯಲು ಇದಕ್ಕಿಂತ ಒಳ್ಳೆಯ ಉಪ್ಪುಕಾಗದ ಅಂಗಡಿಯಲ್ಲೂ ಸಿಗಲ್ಲ. ಈ ಕೋಲಿಗೆ ಎಣ್ಣೆ ಬೇಡ, ಗ್ರೀಸು ಬೇಡ. ಕೆಲಸ ಮುಗಿದ ಮೇಲೆ ಬಿಚ್ಚಿ, ಒಳಗೆ ಹೊರಗೆ ನೀರು ಹಾಯಿಸಿ ಮರಳು ತೆಗೆದು, ನೆರಳಲ್ಲಿ ಆರಿಸಿ, ಕ್ಲಾಂಪಿನ ಸ್ಕ್ರೂ ಹದವಾಗಿ ಬಿಗಿ ಮಾಡಿಟ್ಟರೆ ಸಾಕು ಅಂತ ತಂದ ದಿನವೇ ಅವನಿಗೆ ಹೇಳಿದ್ದೆ. “ಹ್ಞೂಂ ಭಾವ” ಅಂದಿದ್ದ.

ಅಮ್ಮ ಹೊಸ್ತಿಲ ಪಕ್ಕ ಕೂತು ಎಲ್ಲಾ ನೋಡುತ್ತಿದ್ದಳು. ಈ ಧಂಧೆ ಶುರು ಮಾಡಿದ ಹೊಸದರಲ್ಲಿ ಒಂದು ದಿನ ಅವಳಿಗೆ ಸೊನ್ನೆ ನೀರು ಒಂದು ಗುಟುಕು ಕೊಟ್ಟಿದ್ದೆ, ಕೋಲಾರದಲ್ಲಿ ಇಷ್ಟು ಚೊಕ್ಕಟ ನೀರು ಇನ್ನೆಲ್ಲಿದೆ ಅನ್ನುವ ಜಂಬಕ್ಕೆ. ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಸಪ್ಪಗೈತೆ ಕಣೋ. ಈ ನೀರಿಗೆ ಊರೇ ಇಲ್ಲ” ಅಂದಳು. ಟೇಕಲ್ ಕಡೆಯ ನಮ್ಮ ಹಳ್ಳಿಯಲ್ಲಿ ಅವಳು ಸೇದುತ್ತಿದ್ದ ಬಾವಿಯ ಹಗ್ಗವೂ ಹೆಚ್ಚು ಕಮ್ಮಿ 30 ಅಡಿಯೇ. ಆ ಬಾವಿ ಈಗ ಕಸದ ಗುಂಡಿ, ಪಕ್ಕದ ಬೋರು 1,200 ಅಡಿಗೆ ಇಳಿದಿದೆ. 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಕೊಳವೆಯಲ್ಲಿ ಬಂದು ನಮ್ಮ ಕೆರೆಗಳನ್ನು ತುಂಬುತ್ತಿದೆ. ಕೆರೆ ತುಂಬಿದೆ ಎಂದು ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಏರಿ ಮೇಲೆ ನಿಂತು ನೋಡಿದಳು, ಕೈ ಮುಗಿದಳು, ಇಳಿದು ಮುಟ್ಟಲಿಲ್ಲ.

ಮಧ್ಯಾಹ್ನದ ಮೇಲೆ ಬನಿಯನ್ನು ಆರಿತು. ಹೆಂಡತಿ ಬಟ್ಟೆ ತೆಗೆದು ದಾರಿ ಬಿಟ್ಟಳು. ನಾನು ಗಾಡಿಯಲ್ಲಿ ಉಳಿದಿದ್ದ ಸೊನ್ನೆ ನೀರನ್ನು ಒಂದು ಬಿಂದಿಗೆಗೆ ಹಿಡಿದು, ಒಂದು ಚಮಚ ಪಾತ್ರೆ ಸೋಪು ಕದಡಿ, ಕಚ್ಚಿಕೊಂಡ ಜಾಗಕ್ಕೆ ಸಣ್ಣಗೆ ಬಿಡುತ್ತಾ ಹೋದೆ. ಭಾಮೈದ ಕೋಲನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಮೊದಲು ಕಪ್ಪು ರಾಡಿ ಬಂತು, ಆಮೇಲೆ ಕೆಂಪು, ಆಮೇಲೆ ತಿಳಿ. ಮುಕ್ಕಾಲು ಬಿಂದಿಗೆ ಖಾಲಿಯಾದಾಗ ಒಳಗೆಲ್ಲೋ ಚಟ್ ಅಂದು, ಕೊಳವೆ ಸರ್ರನೆ ಜಾರಿ ಒಳಗೆ ಹೋಯಿತು. ಭಾಮೈದ ಚಪ್ಪಾಳೆ ತಟ್ಟಿದ. ರೆಡ್ ಆಕ್ಸೈಡ್ ನೆಲದ ಮೇಲೆ ದೇವರ ಮನೆಯಿಂದ ಜಗಲಿವರೆಗೆ ನೀರು ಹೊಳೆಯುತ್ತಿತ್ತು.

ಅಮ್ಮ ನೆಲ ನೋಡಿದಳು, ನನ್ನ ಮುಖ ನೋಡಿದಳು.

“ಒರೆಸಲ್ವೇನೋ?”

“ಅಮ್ಮಾ, ಇದು ಸೊನ್ನೆ ನೀರು, ತಾನೇ ಆ...”

ಅಷ್ಟರಲ್ಲಿ ನೆಲ ಒರೆಸೋ ಬಟ್ಟೆ ಹಾರಿ ಬಂದು ನನ್ನ ಹೆಗಲ ಮೇಲೆ ಬಿತ್ತು.